ರಕ್ತಸಾಕ್ಷಿಗಳ ಪಾಠ: ಹಳೆಯ ಕೈಪಿಡಿಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ತಿದ್ದಬೇಕು?

ಯುವಜನ_ಬೋಧಕಿ:

ಎಲ್ಲರಿಗೂ ವಂದನೆ. ನಮ್ಮ ಸಭೆಯ 15ರಿಂದ 20 ವಯಸ್ಸಿನ ಯುವಜನರಿಗೆ ನಾಲ್ಕು ಭಾನುವಾರ ಆದಿಸಭೆಯ ರಕ್ತಸಾಕ್ಷಿಗಳ ಬಗ್ಗೆ, ಇಂದಿನ ಹಿಂಸೆಯ ಬಗ್ಗೆ ಪಾಠ ಆಗಬೇಕು. ತಲಾ 45 ನಿಮಿಷ. ಸಭೆಯಲ್ಲಿರುವ ಹಳೆಯ ಕೈಪಿಡಿಯಲ್ಲಿ ಹೀಗಿದೆ: 300 ವರ್ಷ ಎಡೆಬಿಡದ ಹಿಂಸೆ, ಹತ್ತು ಚಕ್ರವರ್ತಿಗಳ ಹತ್ತು ಹಿಂಸೆಗಳು, ಲಕ್ಷಾಂತರ ಸಾವು, ಕ್ಯಾಟಕೋಂಬ್ ಸುರಂಗಗಳಲ್ಲಿ ಅಡಗಿ ಆರಾಧನೆ, ಕೊಲೋಸಿಯಂನಲ್ಲಿ ಸಿಂಹಗಳು. ಇದರಲ್ಲಿ ಎಷ್ಟು ನಿಲ್ಲುತ್ತದೆ? ಯಾವ ರಕ್ತಸಾಕ್ಷಿಯ ಕಥನವನ್ನು ನಂಬಿ ಓದಿಸಬಹುದು?

ಇನ್ನೊಂದು. ಇಂದಿನ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಒಂದು ಕಡೆ ವರ್ಷಕ್ಕೆ 1 ಲಕ್ಷ ಕ್ರೈಸ್ತರು ನಂಬಿಕೆಗಾಗಿ ಸಾಯುತ್ತಾರೆ ಅಂತಿದೆ, ಇನ್ನೊಂದು ಕಡೆ ನಾಲ್ಕೈದು ಸಾವಿರ. ಮಕ್ಕಳು ಮೊಬೈಲ್‌ನಲ್ಲಿ ಹುಡುಕಿ ಅಲ್ಲೇ ಕೇಳುತ್ತಾರೆ. ತಪ್ಪು ಹೇಳಿಕೊಡಲು ಮನಸ್ಸಿಲ್ಲ.

ಕಡತಪ್ರಿಯ:

ಮೇಡಂ, ಕೈಪಿಡಿಯ ಮೊದಲ ಸಾಲಿನಿಂದಲೇ ತಿದ್ದಬೇಕು. 64ರಲ್ಲಿ ನೀರೋ ಮಾಡಿಸಿದ್ದು ರೋಮ್ ನಗರದೊಳಗಿನ ಮಾತು. ಅಲ್ಲಿಂದ ಸುಮಾರು 185 ವರ್ಷ ಇಡೀ ಸಾಮ್ರಾಜ್ಯಕ್ಕೆ ಅನ್ವಯಿಸುವ ಆಜ್ಞೆ ಇರಲಿಲ್ಲ. ಯಾವುದೋ ಊರಲ್ಲಿ ಯಾರೋ ದೂರು ಕೊಡುತ್ತಿದ್ದರು, ಆ ಪ್ರಾಂತ್ಯದ ರಾಜ್ಯಪಾಲ ವಿಚಾರಣೆ ಮಾಡುತ್ತಿದ್ದ. ಇದರ ಕ್ರಮ ಸುಮಾರು 112ರಲ್ಲಿ ಬಿಥೀನಿಯಾ-ಪೊಂಟಸ್ ಪ್ರಾಂತ್ಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದ ಪತ್ರದಲ್ಲಿ ಸ್ಪಷ್ಟವಾಗಿದೆ. ‘ನೀನು ಕ್ರೈಸ್ತನೋ?’ ಎಂದು ಮೂರು ಸಲ ಕೇಳುವುದು. ಮೂರು ಸಲವೂ ಹೌದೆಂದರೆ ಮರಣದಂಡನೆ, ರೋಮನ್ ಪೌರನಾದರೆ ರೋಮ್‌ಗೆ ರವಾನೆ. ಅಲ್ಲ ಎಂದವನು ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ, ದ್ರಾಕ್ಷಾರಸ ಅರ್ಪಿಸಿ, ಕ್ರಿಸ್ತನನ್ನು ಶಪಿಸಿದರೆ ಬಿಡುಗಡೆ. ಟ್ರಾಜನ್‌ನ ಉತ್ತರ ಚಿಕ್ಕದು: ಹುಡುಕಿಕೊಂಡು ಹೋಗಬೇಡ, ದೂರು ಬಂದು ಸಾಬೀತಾದರೆ ಶಿಕ್ಷಿಸು, ಹೆಸರಿಲ್ಲದ ಮೂಕರ್ಜಿಗಳನ್ನು ತೆಗೆದುಕೊಳ್ಳಬೇಡ.

ನೆರೆಮನೆಯವನ ಸಿಟ್ಟು, ಊರಿನ ಬರ, ಒಂದು ಭೂಕಂಪ ಸಾಕಿತ್ತು ದೂರು ಹುಟ್ಟಲು. ಹತ್ತು ವರ್ಷ ಏನೂ ಇಲ್ಲದೆ ಒಂದೇ ತಿಂಗಳಲ್ಲಿ ಸಭೆಯೇ ಚೆದುರಿಹೋಗಬಹುದಿತ್ತು. ಮಕ್ಕಳಿಗೆ ಈ ಅನಿಶ್ಚಿತತೆಯನ್ನು ಅರ್ಥ ಮಾಡಿಸಿ; ‘ಎಡೆಬಿಡದ ಹಿಂಸೆ’ ಎಂಬ ಮಾತಿಗಿಂತ ಇದೇ ಹೆಚ್ಚು ಭಯಂಕರ. ‘ಹತ್ತು ಹಿಂಸೆಗಳು’ ಎಂಬ ಎಣಿಕೆ ಈಜಿಪ್ಟಿನ ಹತ್ತು ಬಾಧೆಗಳಿಗೆ ಹೊಂದಿಸಿ ಆಮೇಲೆ ಬಂದದ್ದು. ಅಗಸ್ಟೀನನೇ ಅದನ್ನು ಒಪ್ಪಲಿಲ್ಲ.

ಕ್ಯಾಟಕೋಂಬ್‌ಗಳು ಸ್ಮಶಾನಗಳು. ನಗರದ ಹೊರಗೆ ಹೆದ್ದಾರಿಗಳ ಪಕ್ಕದಲ್ಲೇ ಇದ್ದವು, ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿದ್ದವು. 257ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತರು ಸ್ಮಶಾನಗಳಿಗೆ ಹೋಗಕೂಡದೆಂದು ಆಜ್ಞೆ ಹೊರಡಿಸಿದ. ಮರುವರ್ಷ ಆಗಸ್ಟ್ 6ರಂದು ರೋಮ್‌ನ ಬಿಷಪ್ ಎರಡನೇ ಸಿಕ್ಸ್ತುಸ್ ಸ್ಮಶಾನದಲ್ಲೇ ಸಿಕ್ಕಿ ನಾಲ್ವರು ಡೀಕನ್‌ಗಳೊಡನೆ ಹತರಾದರು. ಅಡಗುದಾಣವಾಗಿದ್ದರೆ ಆಜ್ಞೆಯಲ್ಲಿ ಅದರ ಹೆಸರು ಬರುತ್ತಿರಲಿಲ್ಲ. ಕೊಲೋಸಿಯಂ ಬಗ್ಗೆಯೂ ಹಾಗೇ: ಅಲ್ಲಿಯೇ ಇಂಥ ಕ್ರೈಸ್ತ ಸತ್ತನೆಂದು ಹೆಸರಿಟ್ಟು ಹೇಳುವ ಸಮಕಾಲೀನ ದಾಖಲೆ ಇಲ್ಲ. ಅಖಾಡದ ಸಾವುಗಳಿಗೆ ಗಟ್ಟಿ ಆಧಾರ ಇರುವುದು ಕಾರ್ಥೇಜ್, ಲಿಯೋನ್, ಸ್ಮುರ್ನ ಮೊದಲಾದ ಪ್ರಾಂತೀಯ ನಗರಗಳಲ್ಲಿ.

ಒಂದು ಪೂರ್ತಿ ತರಗತಿಯನ್ನು ಚಕ್ರವರ್ತಿ ಡೇಸಿಯಸ್‌ಗೆ ಇಡಿ. 249ರ ಕೊನೆ ಅಥವಾ 250ರ ಆರಂಭದಲ್ಲಿ ಅವನ ಆಜ್ಞೆ ಬಂತು: ಸಾಮ್ರಾಜ್ಯದ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಚೀಟಿ ಪಡೆಯಬೇಕು. ಆ ಚೀಟಿಗೆ ಲಿಬೆಲ್ಲಸ್ ಎಂದು ಹೆಸರು. ಈಜಿಪ್ಟಿನ ಒಣ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ಚೀಟಿಗಳು ಉಳಿದು ಸಿಕ್ಕಿವೆ, ಎಲ್ಲವೂ 250ರ ಜೂನ್-ಜುಲೈ ತಿಂಗಳವು. ನಮ್ಮ ತಾಲೂಕು ಕಚೇರಿಯ ಅರ್ಜಿ ನೋಡಿದವರಿಗೆ ಓದಿದ ಕೂಡಲೇ ಗುರುತು ಹತ್ತುತ್ತದೆ. ಮೇಲೆ ‘ಬಲಿಯ ಉಸ್ತುವಾರಿಗೆ ಆಯ್ಕೆಯಾದವರಿಗೆ’. ಕೆಳಗೆ ಅರ್ಜಿದಾರನ ಹೆಸರು, ತಂದೆಯ ಹೆಸರು, ಊರು, ವಯಸ್ಸು, ಗುರುತಿನ ಚಿಹ್ನೆ. 1893ರಲ್ಲಿ ಮೊದಲು ಪ್ರಕಟವಾದ ಚೀಟಿ ಸತಬೂಸ್‌ನ ಮಗ ಔರೇಲಿಯಸ್ ಡಿಯೋಗೆನೆಸ್‌ನದು: ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಕಲೆ. ಮುಂದಿನ ಒಕ್ಕಣೆ ಎಲ್ಲ ಚೀಟಿಗಳಲ್ಲೂ ಹೆಚ್ಚುಕಡಿಮೆ ಒಂದೇ: ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗಲೂ ನಿಮ್ಮೆದುರು ಆಜ್ಞೆಯಂತೆ ಬಲಿ ಕೊಟ್ಟು, ಪಾನ ಎರೆದು, ಬಲಿಯ ಪದಾರ್ಥದ ರುಚಿ ನೋಡಿದ್ದೇನೆ, ದೃಢೀಕರಿಸಿ. ಕೊನೆಗೆ ಅಧಿಕಾರಿಗಳ ಸಹಿ, ದಿನಾಂಕ. ಥೆಯಡೆಲ್ಫಿಯಾ ಹಳ್ಳಿಯ ಔರೇಲಿಯಾ ಖಾರಿಸ್‌ಳ ಚೀಟಿಯ ಎರಡು ಪ್ರತಿಗಳು ಸಿಕ್ಕಿವೆ.

ಇಲ್ಲಿ ಒಂದು ವಿಷಯ ತಪ್ಪದೆ ಗಮನಿಸಿ. ಚೀಟಿಯಲ್ಲಿ ‘ಕ್ರಿಸ್ತ’ ಎಂಬ ಪದವೇ ಇಲ್ಲ. ಮೊಸಳೆ ದೇವತೆ ಪೆತೆಸೂಖೋಸ್‌ನ ಪೂಜಾರಿಣಿ ಕೂಡ ಇಂಥದೇ ಚೀಟಿ ಪಡೆದಿದ್ದಾಳೆ. ಆಜ್ಞೆ ಎಲ್ಲರಿಗೂ ಒಂದೇ ಆಗಿದ್ದು, ಸಿಕ್ಕಿಬಿದ್ದವರು ಮಾತ್ರ ‘ಇದೊಂದು ನನ್ನಿಂದಾಗದು’ ಎಂದವರು. ರೋಮ್‌ನ ಬಿಷಪ್ ಫಾಬಿಯನ್ 250ರ ಜನವರಿ 20ಕ್ಕೇ ಪ್ರಾಣ ಕೊಟ್ಟರು.

ಯುವಜನ_ಬೋಧಕಿ:

ತುಂಬಾ ಉಪಕಾರ. ಚೀಟಿಯ ಭಾಗ ಓದಿದ ಕೂಡಲೇ ಬರುವ ಪ್ರಶ್ನೆ ಗೊತ್ತು: ಬಲಿ ಕೊಡದೆಯೇ ಲಂಚ ಕೊಟ್ಟು ಚೀಟಿ ತೆಗೆದುಕೊಂಡವರು ಇರಲಿಲ್ಲವೇ? ಅವರನ್ನು ಸಭೆ ಏನು ಮಾಡಿತು?

ಕಡತಪ್ರಿಯ:

ಇದ್ದರು, ಬೇಕಾದಷ್ಟು ಜನ. ಕಾರ್ಥೇಜ್‌ನ ಬಿಷಪ್ ಸಿಪ್ರಿಯನ್ ಬರಹಗಳಲ್ಲಿ ‘ಬಿದ್ದವರನ್ನು’ ಬೇರೆಬೇರೆಯಾಗಿ ನೋಡಿದ್ದಾರೆ: ಬಲಿ ಕೊಟ್ಟವರು, ಧೂಪ ಮಾತ್ರ ಹಾಕಿದವರು, ಬಲಿ ಕೊಡದೆ ಚೀಟಿ ಮಾತ್ರ ಸಂಪಾದಿಸಿದವರು. 251ರಲ್ಲಿ ಕಾರ್ಥೇಜ್‌ನಲ್ಲಿ ಬಿಷಪ್‌ಗಳ ಸಭೆ ಸೇರಿತು. ಚೀಟಿ ಮಾತ್ರ ಪಡೆದವರನ್ನು ಒಬ್ಬೊಬ್ಬರ ಪರಿಸ್ಥಿತಿ ವಿಚಾರಿಸಿ, ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳಬಹುದು. ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲಿ ಇರಬೇಕು, ಸಾವಿನ ಹಾಸಿಗೆಯಲ್ಲಿ ಮತ್ತೆ ಸಭೆಗೆ ಸೇರಿಸಿಕೊಳ್ಳಬಹುದು ಎಂದು ತೀರ್ಮಾನ. ಒಂದೆರಡು ವರ್ಷದಲ್ಲೇ ಮತ್ತೆ ಹಿಂಸೆಯ ಸೂಚನೆ ಕಂಡಾಗ ಪ್ರಾಯಶ್ಚಿತ್ತದಲ್ಲಿದ್ದ ಎಲ್ಲರನ್ನೂ ಸೇರಿಸಿಕೊಂಡರು, ಯುದ್ಧಕ್ಕೆ ಹೋಗುವವರನ್ನು ನಿರಾಯುಧರಾಗಿ ಕಳಿಸಬಾರದೆಂಬ ಕಾರಣಕ್ಕೆ. ರೋಮ್‌ನಲ್ಲಿ ನೊವೇಷಿಯನ್ ಇದನ್ನು ಒಪ್ಪದೆ ಬೇರೆ ಸಭೆ ಕಟ್ಟಿದ.

ಸಿಪ್ರಿಯನ್ 250ರಲ್ಲಿ ಊರು ಬಿಟ್ಟು ಅಡಗಿದ್ದರು, ಅದಕ್ಕಾಗಿ ಟೀಕೆಯ ಮಾತು ಕೇಳಬೇಕಾಯಿತು. ಅದೇ ಮನುಷ್ಯ 258ರ ಸೆಪ್ಟೆಂಬರ್ 14ರಂದು ತೀರ್ಪು ಕೇಳಿ ‘ದೇವರಿಗೆ ಕೃತಜ್ಞತೆ’ ಎಂದಷ್ಟೇ ಹೇಳಿ, ತಲೆ ಕಡಿಯುವವನಿಗೆ 25 ಚಿನ್ನದ ನಾಣ್ಯ ಕೊಡಿಸಿದರು. ಓಡಿಹೋಗುವುದು ತಪ್ಪಲ್ಲ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಸ್ಮುರ್ನದ ಬಿಷಪ್ ಪೊಲಿಕಾರ್ಪರ ಸಾವಿನ ಕಥನದಲ್ಲೇ ಕ್ವಿಂಟುಸ್ ಎಂಬವನು ತಾನಾಗಿ ಮುಂದೆ ಹೋಗಿ, ಮೃಗಗಳನ್ನು ಕಂಡು ಹೆದರಿ ಬಲಿ ಕೊಟ್ಟುಬಿಡುತ್ತಾನೆ. ‘ತಾವಾಗಿ ಒಪ್ಪಿಸಿಕೊಳ್ಳುವವರನ್ನು ನಾವು ಹೊಗಳುವುದಿಲ್ಲ’ ಎಂದು ಬರೆದವರೇ ಸೇರಿಸಿದ್ದಾರೆ. 16 ವಯಸ್ಸಿನವರ ಮುಂದೆ ಈ ಪಾಠ ಮಾಡುವಾಗ ಆ ಸಾಲು ಬಿಟ್ಟುಹೋಗಬಾರದು.

ಲ್ಯಾಟಿನ್_ಮೇಷ್ಟ್ರು:

ಯಾವ ಕಥನ ನಂಬುವುದು ಎಂಬುದಕ್ಕೆ ನನ್ನ ಉತ್ತರ. ಕೈಗೆ ಬಂದ ಕಥನದಲ್ಲಿ ಮೊದಲು ಮೂರನ್ನು ಹುಡುಕಿ: ದಿನಾಂಕ, ಊರು, ವಿಚಾರಣೆ ಮಾಡಿದ ಅಧಿಕಾರಿಯ ಹೆಸರು. ಆ ಅಧಿಕಾರಿ ಆ ವರ್ಷ ಆ ಹುದ್ದೆಯಲ್ಲಿದ್ದನೆಂದು ಬೇರೆ ಕಡೆಯಿಂದ ತಾಳೆ ನೋಡಿ. ಆಮೇಲೆ ಸಂಭಾಷಣೆ. ನಿಜವಾದ ಕೋರ್ಟ್ ದಾಖಲೆ ಚುಟುಕಾಗಿರುತ್ತದೆ. ರಾಜ್ಯಪಾಲ ಬೇಸತ್ತ ಅಧಿಕಾರಿಯಂತೆ ಮಾತಾಡುತ್ತಾನೆ, ರಾಕ್ಷಸನಂತೆ ಅಲ್ಲ. ನೂರಾರು ವರ್ಷ ಕಳೆದ ಮೇಲೆ ಕಟ್ಟಿದ ಕಥೆಗಳಲ್ಲಿ ಚಕ್ರವರ್ತಿಯೇ ಬಂದು ಕೂರುತ್ತಾನೆ, ಸಂತರು ಎರಡು ಪುಟ ಭಾಷಣ ಮಾಡುತ್ತಾರೆ, ಕುದಿಯುವ ಎಣ್ಣೆ, ಚಕ್ರ, ಗರಗಸ ಒಂದಾದ ಮೇಲೊಂದು ಸೋಲುತ್ತವೆ, ಕೊನೆಗೆ ಕತ್ತಿ ಮಾತ್ರ ಕೆಲಸ ಮಾಡುತ್ತದೆ. ಅಲೆಕ್ಸಾಂಡ್ರಿಯದ ಕ್ಯಾಥರೀನ್ ಕಥೆ ಈ ಗುಂಪಿನದು. ರೋಮನ್ ಕಥೋಲಿಕ ಸಭೆಯ ಪಂಚಾಂಗದಿಂದ 1969ರಲ್ಲಿ ಆಕೆಯ ಹಬ್ಬ ತೆಗೆದು, 2002ರಲ್ಲಿ ಐಚ್ಛಿಕ ಸ್ಮರಣೆಯಾಗಿ ಮತ್ತೆ ಸೇರಿಸಿದರು. ಭಕ್ತಿಗೆ ಅಡ್ಡಿಯಿಲ್ಲ, ಆದರೆ ಇತಿಹಾಸದ ಪಾಠಕ್ಕೆ ಬೇಡ.

ತರಗತಿಗೆ ಎರಡು ಸಾಕು. ಒಂದು, ಸ್ಕಿಲ್ಲಿಯ ರಕ್ತಸಾಕ್ಷಿಗಳು: 180ರ ಜುಲೈ 17, ಕಾರ್ಥೇಜ್, ಪ್ರೊಕಾನ್ಸಲ್ (ಪ್ರಾಂತ್ಯದ ರಾಜ್ಯಪಾಲ) ಸತುರ್ನಿನುಸ್, ಏಳು ಗಂಡಸರು, ಐವರು ಹೆಂಗಸರು. ಒಂದೇ ಪುಟದಷ್ಟಿದೆ, ಮಕ್ಕಳಿಗೆ ಪಾತ್ರ ಹಂಚಿ ಗಟ್ಟಿಯಾಗಿ ಓದಿಸಬಹುದು. ಯೋಚಿಸಲು 30 ದಿನ ಕೊಡುತ್ತೇನೆ ಎನ್ನುತ್ತಾನೆ ಸತುರ್ನಿನುಸ್, ಬೇಡ ಎನ್ನುತ್ತಾರೆ. ‘ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ?’ ಎಂದಾಗ ಸ್ಪೆರಾತುಸ್, ‘ಪುಸ್ತಕಗಳು, ಮತ್ತು ನೀತಿವಂತನಾದ ಪೌಲನ ಪತ್ರಗಳು’ ಎನ್ನುತ್ತಾನೆ. ಉತ್ತರ ಆಫ್ರಿಕಾದ ಕ್ರೈಸ್ತರ ಬಗ್ಗೆ ನಮಗೆ ಸಿಗುವ ಅತಿ ಹಳೆಯ ದಾಖಲೆ ಇದು. ಓದುವಾಗ ಕೋಣೆ ತಾನಾಗಿ ನಿಶ್ಶಬ್ದವಾಗುತ್ತದೆ.

ಎರಡು, ಪೆರ್ಪೆತುವಾ ಮತ್ತು ಫೆಲಿಸಿಟಾ: 203ರ ಮಾರ್ಚ್ 7, ಕಾರ್ಥೇಜ್. ಇದರ ನಡುಭಾಗ ಪೆರ್ಪೆತುವಾಳದೇ ಜೈಲಿನ ಬರಹ. ಮುನ್ನುಡಿ ಮತ್ತು ಸಾವಿನ ವಿವರ ಇನ್ನೊಬ್ಬರು ಸೇರಿಸಿದ್ದು, ಈ ಗೆರೆಯನ್ನು ಮಕ್ಕಳಿಗೆ ತೋರಿಸಿ. ವಯಸ್ಸು ಸುಮಾರು 22, ಎದೆಹಾಲು ಕುಡಿಯುವ ಕೂಸು. ಅಪ್ಪ ಬಂದು ಬೇಡಿದಾಗ ಪಕ್ಕದ ಹೂಜಿಯನ್ನು ತೋರಿಸಿ, ‘ಇದನ್ನು ಇದರ ಹೆಸರಲ್ಲದೆ ಬೇರೆ ಹೆಸರಿನಿಂದ ಕರೆಯಲಾದೀತೇ? ಹಾಗೇ ನಾನೂ’ ಎನ್ನುತ್ತಾಳೆ. ಫೆಲಿಸಿಟಾ ದಾಸಿ, ಎಂಟು ತಿಂಗಳ ಬಸುರಿ. ಬಸುರಿಗೆ ಮರಣದಂಡನೆ ಕಾನೂನಿನಲ್ಲಿ ಇಲ್ಲದ್ದರಿಂದ ಜೈಲಿನಲ್ಲೇ ಹೆರಿಗೆಯಾಯಿತು. ಸಿಂಹವನ್ನೇ ನಿರೀಕ್ಷಿಸುವ ಮಕ್ಕಳಿಗೆ ಹೇಳಿ: ಆ ದಿನ ಅಖಾಡದಲ್ಲಿದ್ದದ್ದು ಚಿರತೆ, ಕರಡಿ, ಕಾಡುಹಂದಿ, ಇಬ್ಬರು ಹೆಂಗಸರ ಮೇಲೆ ಬಿಟ್ಟದ್ದು ಒಂದು ಕೆರಳಿದ ಹಸು.

ಚಕ್ರವರ್ತಿ ಡಯೊಕ್ಲೇಷಿಯನ್ ಕಾಲಕ್ಕೆ ಸಾವಿನ ಕಥೆಗಳಿಗಿಂತ ಕಡತಗಳೇ ಮೇಲು. 303ರ ಫೆಬ್ರವರಿ 23ರಂದು ನಿಕೊಮೀಡಿಯಾದ ಚರ್ಚ್ ಕೆಡವಿದರು, ಮರುದಿನ ಆಜ್ಞೆ: ಚರ್ಚುಗಳು ನೆಲಸಮ, ಗ್ರಂಥಗಳು ಬೆಂಕಿಗೆ. ಮೇ 19ರಂದು ಕಿರ್ತಾ ನಗರದಲ್ಲಿ (ಇಂದಿನ ಅಲ್ಜೀರಿಯದ ಕಾನ್‌ಸ್ಟಾಂಟೀನ್) ಬರೆದ ಮಹಜರು ಉಳಿದಿದೆ. ಚಿನ್ನದ ಪಾತ್ರೆ 2, ಬೆಳ್ಳಿಯ ಪಾತ್ರೆ 6, ಹೆಂಗಸರ ಅಂಗಿ 82, ಗಂಡಸರ ಅಂಗಿ 16, ಗಂಡಸರ ಪಾದರಕ್ಷೆ 13 ಜೊತೆ, ಹೆಂಗಸರದು 47 ಜೊತೆ. ಬಡವರಿಗೆ, ಅದರಲ್ಲೂ ಹೆಂಗಸರಿಗೆ, ಹಂಚಲು ಕೂಡಿಟ್ಟ ಬಟ್ಟೆ ಇದ್ದಿರಬೇಕು. ಒಂದು ಸಭೆ ಏನು ಮಾಡುತ್ತಿತ್ತು ಎಂಬುದು ಜಪ್ತಿಪಟ್ಟಿಯಲ್ಲೇ ಕಾಣುತ್ತದೆ.

304ರ ಫೆಬ್ರವರಿ 5ರದು ಇನ್ನೊಂದು. ಈಜಿಪ್ಟಿನ ಖೂಸಿಸ್ ಹಳ್ಳಿಯ ಹಿಂದಿನ ಚರ್ಚಿನ ವಾಚಕ ಅಮ್ಮೋನಿಯಸ್ ಬರೆದುಕೊಟ್ಟ ಮುಚ್ಚಳಿಕೆ: ಒಪ್ಪಿಸಿದ ಕಂಚಿನ ಸಾಮಾನು ಬಿಟ್ಟರೆ ಚಿನ್ನ, ಬೆಳ್ಳಿ, ಹಣ, ಬಟ್ಟೆ, ದನ, ಜಮೀನು ಯಾವುದೂ ಇಲ್ಲ. ಕೊನೆಗೆ, ಇವನಿಗೆ ಅಕ್ಷರ ಬಾರದ್ದರಿಂದ ಇವನ ಪರವಾಗಿ ಇನ್ನೊಬ್ಬ ಬರೆದಿದ್ದಾನೆ ಎಂಬ ಟಿಪ್ಪಣಿ. ಸಭೆಯಲ್ಲಿ ಗ್ರಂಥ ಓದುವವನಿಗೇ ಅಕ್ಷರ ಬಾರದೇ? ಚಕ್ರವರ್ತಿಗಳ ಹೆಸರಿನ ಆಣೆಗೆ ಸಹಿ ಹಾಕದಿರಲು ಹೂಡಿದ ಉಪಾಯ ಎಂದು ಕೆಲವರ ಊಹೆ. ಅದೇ ಕಾಲದ ಕೊಪ್ರೇಸ್ ಎಂಬವನು ಸಹೋದರಿ ಸರಾಪಿಯಾಸ್‌ಗೆ ಬರೆದ ಪತ್ರವೂ ಇದೆ. ಕೋರ್ಟಿಗೆ ಹಾಜರಾಗುವವರಿಂದ ಬಲಿ ಕೊಡಿಸುತ್ತಿದ್ದಾರೆಂದು ತಿಳಿದು, ತನ್ನ ಸಹೋದರನಿಗೆ ಅಧಿಕಾರ ಪತ್ರ ಮಾಡಿಕೊಟ್ಟೆ ಎನ್ನುತ್ತಾನೆ. ಕೊನೆಯಲ್ಲಿ 99 ಎಂಬ ಅಂಕಿ. ಗ್ರೀಕ್ ಅಕ್ಷರಗಳಿಗೆ ಬೆಲೆ ಕಟ್ಟಿದರೆ 1+40+8+50, ಅಂದರೆ ‘ಆಮೆನ್’. ಹಲಗೆಯ ಮೇಲೆ ಬರೆದು ಕೂಡಿಸಿ ತೋರಿಸಿ.

ಅಂಕಿ_ತಾಳೆ:

ಇಂದಿನ ಅಂಕಿಗಳ ವ್ಯತ್ಯಾಸಕ್ಕೆ ಕಾರಣ ಯಾರನ್ನು ಎಣಿಸುತ್ತಾರೆ ಎಂಬುದರಲ್ಲಿದೆ. ವರ್ಷಕ್ಕೆ 1 ಲಕ್ಷ ಎಂಬುದು ಅಮೆರಿಕದ ಗಾರ್ಡನ್-ಕಾನ್ವೆಲ್ ದೈವಶಾಸ್ತ್ರ ಕಾಲೇಜಿನ ಜಾಗತಿಕ ಕ್ರೈಸ್ತ ಅಧ್ಯಯನ ಕೇಂದ್ರದ ಅಂದಾಜಿನಿಂದ ಬಂದದ್ದು: 2000ದಿಂದ 2010ರವರೆಗೆ 10 ಲಕ್ಷ, ಅದನ್ನು ಹತ್ತರಿಂದ ಭಾಗಿಸಿದ್ದು. ಅದರ ಬಹುಪಾಲು ಕಾಂಗೋ ಅಂತರ್ಯುದ್ಧದ ಸಾವುಗಳು. ಅಲ್ಲಿ ಕೊಂದವರೂ ಸತ್ತವರೂ ಬಹುಮಟ್ಟಿಗೆ ಕ್ರೈಸ್ತರೇ. ಸಾಕ್ಷಿಯ ಸನ್ನಿವೇಶದಲ್ಲಿ ಮನುಷ್ಯರ ವೈರದಿಂದ ಅಕಾಲದಲ್ಲಿ ಸತ್ತ ವಿಶ್ವಾಸಿ ಎಂಬ ಅಗಲವಾದ ವ್ಯಾಖ್ಯೆ ಅವರದು.

ಓಪನ್ ಡೋರ್ಸ್ ಸಂಸ್ಥೆಯ 2025ರ ಪಟ್ಟಿ 2023ರ ಅಕ್ಟೋಬರ್ 1ರಿಂದ 2024ರ ಸೆಪ್ಟೆಂಬರ್ 30ರವರೆಗೆ ನಂಬಿಕೆಯ ಕಾರಣಕ್ಕೆ ಹತರಾದವರು 4,476 ಎನ್ನುತ್ತದೆ. ಅದರಲ್ಲಿ 3,100 ನೈಜೀರಿಯಾ ಒಂದರಲ್ಲೇ. ಅಲ್ಲಿ ಬೊಕೊ ಹರಾಂ ಇದೆ, ಜೊತೆಗೆ ದನಗಾಹಿಗಳು ಮತ್ತು ಬೇಸಾಯಗಾರರ ನಡುವೆ ನೀರು-ನೆಲದ ಜಗಳವೂ ಇದೆ, ಅದೇ ದಾಳಿಕೋರರಿಂದ ಸತ್ತ ಮುಸ್ಲಿಮರೂ ಬಹಳ. ಅಂಕಿ ಹಾಕುವಾಗ ಯಾರು ಎಣಿಸಿದ್ದು, ಯಾವ ಅವಧಿ ಎಂಬ ಎರಡನ್ನೂ ಅದೇ ಸಾಲಿನಲ್ಲಿ ಬರೆಯಿರಿ.

ಆದಿಸಭೆಗೂ ಇದೇ ಅಳತೆ ಇರಲಿ. ಡೇಸಿಯಸ್‌ಗೆ ಸ್ವಲ್ಪ ಮುಂಚೆ ಬರೆದ ಕ್ರೈಸ್ತ ವಿದ್ವಾಂಸ ಒರಿಗೆನ್, ಅಲ್ಲಿಯವರೆಗೆ ನಂಬಿಕೆಗಾಗಿ ಸತ್ತವರು ಕೆಲವರು, ಸುಲಭವಾಗಿ ಎಣಿಸಬಹುದು ಎಂದಿದ್ದಾನೆ. ಅವನ ಅಪ್ಪನೇ ರಕ್ತಸಾಕ್ಷಿ, ಹಗುರವಾಗಿ ಆಡಿದ ಮಾತಲ್ಲ.

ಸಾವಿಲ್ಲದ ಹಿಂಸೆಗೂ ಜಾಗ ಇಡಿ. ಎರಿಟ್ರಿಯಾ 2002ರಲ್ಲಿ ಆರ್ಥೊಡಾಕ್ಸ್, ಕಥೋಲಿಕ, ಲುಥೆರನ್ ಸಭೆಗಳು ಮತ್ತು ಇಸ್ಲಾಂ ಬಿಟ್ಟು ಉಳಿದೆಲ್ಲ ಪ್ರಾರ್ಥನಾಲಯ ಮುಚ್ಚಿಸಿತು, ಹಡಗಿನ ಕಬ್ಬಿಣದ ಕಂಟೇನರ್‌ಗಳಲ್ಲಿ ವಿಶ್ವಾಸಿಗಳನ್ನು ಕೂಡಿಹಾಕಿತು. ಪಾಕಿಸ್ತಾನದಲ್ಲಿ ಕ್ರೈಸ್ತ ಹೆಂಗಸು ಆಸಿಯಾ ಬೀಬಿಗೆ 2010ರಲ್ಲಿ ಪ್ರವಾದಿನಿಂದೆಯ 295-ಸಿ ಕಲಮಿನಡಿ ಮರಣದಂಡನೆಯಾಗಿ, ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದ್ದು 2018ರ ಅಕ್ಟೋಬರ್ 31ಕ್ಕೆ. ಆ ಕಾನೂನನ್ನು ವಿರೋಧಿಸಿದ ಕ್ರೈಸ್ತ ಸಚಿವ ಶಹಬಾಜ್ ಭಟ್ಟಿ 2011ರ ಮಾರ್ಚ್ 2ರಂದು ಗುಂಡಿಗೆ ಬಲಿಯಾದರು. ಅದಕ್ಕೂ ಎರಡು ತಿಂಗಳು ಮುಂಚೆ ಅದೇ ಕಾರಣಕ್ಕೆ ಹತರಾದ ಪಂಜಾಬಿನ ರಾಜ್ಯಪಾಲ ಸಲ್ಮಾನ್ ತಾಸೀರ್ ಮುಸ್ಲಿಮರು. ಈ ಎರಡು ಹೆಸರನ್ನು ಒಟ್ಟಿಗೇ ಹೇಳಿ.

ನೈಲ್_ದಂಡೆ:

ಹಳೆಯದಕ್ಕೂ ಇಂದಿನದಕ್ಕೂ ಕೊಂಡಿ ಬೇಕಿದ್ದರೆ ಈಜಿಪ್ಟಿನ ಕ್ರೈಸ್ತರ, ಅಂದರೆ ಕಾಪ್ಟಿಕ್ ಸಭೆಯ, ಪಂಚಾಂಗ ತೆಗೆದುಕೊಳ್ಳಿ. ಅವರದು ‘ರಕ್ತಸಾಕ್ಷಿಗಳ ಶಕೆ’. ಅದು ಡಯೊಕ್ಲೇಷಿಯನ್ ಪಟ್ಟಕ್ಕೆ ಬಂದ 284ರಿಂದ ಶುರು. ಹಿಂಸೆ ಶುರುವಾದದ್ದು 303ರಲ್ಲಿ. ಶಕೆಯೂ ಆಗಲೇ ಶುರುವಾಯಿತು ಎಂದು ಹೇಳಿಬಿಡುವುದು ಸಾಮಾನ್ಯ ತಪ್ಪು. ವರ್ಷ ಲೆಕ್ಕ ಹಾಕಲು, ಜನವರಿಯಿಂದ ಸೆಪ್ಟೆಂಬರ್ 10ರವರೆಗೆ 284 ಕಳೆಯಿರಿ, ಸೆಪ್ಟೆಂಬರ್ 11ರಿಂದ ಡಿಸೆಂಬರ್ ಕೊನೆಯವರೆಗೆ 283. ಅಧಿಕ ವರ್ಷದ ಹಿಂದಿನ ವರ್ಷದಲ್ಲಿ ಹೊಸವರ್ಷ 12ಕ್ಕೆ ಬೀಳುತ್ತದೆ. ತಲಾ 30 ದಿನದ 12 ತಿಂಗಳು, ಕೊನೆಗೆ 5 ಅಥವಾ 6 ದಿನದ ಪುಟ್ಟ ತಿಂಗಳು.

ಈಗ ಮಕ್ಕಳಿಂದ 2015ರ ಫೆಬ್ರವರಿ 15ನ್ನು ಲೆಕ್ಕ ಹಾಕಿಸಿ: 1731, ಅಮ್ಶೀರ್ 8. ಲಿಬಿಯದ ಸಿರ್ಟೆ ಕಡಲತೀರದಲ್ಲಿ 21 ಕೂಲಿಕಾರರ ತಲೆ ಕಡಿದ ವಿಡಿಯೊವನ್ನು ಇಸ್ಲಾಮಿಕ್ ಸ್ಟೇಟ್ (ಐಎಸ್) ಉಗ್ರರು ಹೊರಬಿಟ್ಟ ದಿನ. 20 ಮಂದಿ ಈಜಿಪ್ಟಿನ ಕಾಪ್ಟ್‌ಗಳು, ಒಬ್ಬರು ಘಾನಾದ ಮ್ಯಾಥ್ಯೂ ಅಯಾರಿಗ. 13 ಮಂದಿ ಮಿನ್ಯಾ ಪ್ರಾಂತ್ಯದ ಅಲ್-ಔರ್ ಎಂಬ ಒಂದೇ ಹಳ್ಳಿಯವರು, ಹೊಟ್ಟೆಪಾಡಿಗೆ ಹೋದವರು. ಕಾಪ್ಟಿಕ್ ಸಭೆಯ ಪೋಪ್ ತವಾದ್ರೋಸ್ ಈ 21 ಮಂದಿಯನ್ನು ಸಂತರ ಪಟ್ಟಿಗೆ ಸೇರಿಸಿದರು. ಸ್ಮರಣೆ ಪ್ರತಿವರ್ಷ ಅಮ್ಶೀರ್ 8. ಈಜಿಪ್ಟಿನ 20 ಮಂದಿಯ ದೇಹಗಳು ಊರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. 2023ರ ಮೇನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ರೋಮನ್ ಕಥೋಲಿಕ ಸಭೆಯ ರಕ್ತಸಾಕ್ಷಿಗಳ ಪಟ್ಟಿಯಲ್ಲೂ ಸೇರಿಸಿದರು. ದಯವಿಟ್ಟು ವಿಡಿಯೊ ಹಾಕಬೇಡಿ, ಚಿತ್ರವನ್ನೂ ಬೇಡ. ಅದನ್ನು ತೆಗೆದದ್ದು ಕೊಂದವರು, ತಮಗೆ ಬೇಕಾದಂತೆ. 21 ಹೆಸರುಗಳನ್ನು ನಿಧಾನವಾಗಿ ಓದಿಸಿ, ಎರಡು ನಿಮಿಷ ಸಾಕು.

ತಾಲೂಕು_ಕೋರ್ಟ್:

ನಾಲ್ಕನೇ ವಾರ ನಮ್ಮ ಕಡೆಯ ಮಾತು ಬರುತ್ತದೆ. ಪದಗಳನ್ನು ಬೇರೆಬೇರೆ ಇಟ್ಟುಕೊಳ್ಳಿ. ಗ್ರೀಕಿನ ‘ಮಾರ್ತುಸ್’ ಎಂದರೆ ಸಾಕ್ಷಿ. ನಮ್ಮ ‘ರಕ್ತಸಾಕ್ಷಿ’ ಅದನ್ನು ಪೂರ್ತಿ ಹಿಡಿದಿದೆ, ಹಾಗಾಗಿ ಪ್ರಾಣ ಕೊಟ್ಟವರಿಗೆ ಮಾತ್ರ ಮೀಸಲಿಡಿ. 1752ರ ಜನವರಿ 14ರಂದು ತಿರುವಾಂಕೂರು ಸೀಮೆಯಲ್ಲಿ ಗುಂಡಿಗೆ ಬಲಿಯಾಗಿ 2022ರ ಮೇ 15ರಂದು ಸಂತರೆನಿಸಿದ ದೇವಸಹಾಯಂ ರಕ್ತಸಾಕ್ಷಿ. ಒಡಿಶಾದ ಕಂಧಮಾಲ್‌ನ ಹಿಂಸೆಯಲ್ಲಿ 2008ರಲ್ಲಿ ಸತ್ತ 35 ಮಂದಿಯ ಸಂತಪದವಿಯ ಪ್ರಕರಣ ಆರಂಭಿಸಲು ವ್ಯಾಟಿಕನ್ 2023ರಲ್ಲಿ ಒಪ್ಪಿಗೆ ಕೊಟ್ಟಿತು; ಒಪ್ಪಿಗೆ ಎಂದರೆ ತೀರ್ಮಾನವಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಕಡೆ ನಡೆದದ್ದು ಪ್ರಾರ್ಥನಾಲಯಗಳ ಮೇಲಿನ ದಾಳಿ, ಹಾಗೆಯೇ ಕರೆಯಿರಿ.

ಇಂಥದ್ದು ಎಲ್ಲಾದರೂ ಆದರೆ ಏನು ಮಾಡಬೇಕೆಂದು ಹುಡುಗರು ಕೇಳಿಯೇ ಕೇಳುತ್ತಾರೆ. 2024ರ ಜುಲೈ 1ರಿಂದ ಕಲಮುಗಳು ಬದಲಾಗಿವೆ, ಹಳೆಯ ಐಪಿಸಿಯ 295, 295ಎ, 296 ಬರೆಯಬೇಡಿ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಆರಾಧನಾ ಸ್ಥಳ ಹಾಳುಮಾಡುವುದು 298, ಧಾರ್ಮಿಕ ಭಾವನೆ ಕೆರಳಿಸುವ ಉದ್ದೇಶಪೂರ್ವಕ ಕೃತ್ಯ 299, ಆರಾಧನೆಗೆ ಅಡ್ಡಿ 300. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ಕೊಡಬಹುದು. ಮಿಂಚಂಚೆಯಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪ್ರತಿ ಉಚಿತ, ಕೇಳಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಬರವಣಿಗೆಯಲ್ಲಿ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ.

ಎಷ್ಟೋ ಪ್ರಕರಣ ಸೋಲುವುದು ವಿಡಿಯೊ ವಿಷಯದಲ್ಲಿ. ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿದ ತುಣುಕು ಹಿಡಿದುಕೊಂಡು ಬರುತ್ತಾರೆ. ಚಿತ್ರೀಕರಿಸಿದ ಮೂಲ ಫೋನನ್ನು ಹಾಗೇ ಇಡಿ, ವಿಡಿಯೊ ಕತ್ತರಿಸಬೇಡಿ, ಅದರ ಕಡತದ ಹೆಸರು ಬದಲಾಯಿಸಬೇಡಿ. ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ (ವಿದ್ಯುನ್ಮಾನ ದಾಖಲೆಗೆ ಬೇಕಾದದ್ದು) ಲಗತ್ತಿಸಬೇಕು. ಅದೇ ರಾತ್ರಿ ಕೂತು, ಕಂಡವರು ಕಂಡಷ್ಟನ್ನೇ, ಕೇಳಿದ್ದನ್ನು ಬೇರೆಯಾಗಿ, ಗಂಟೆ ಹಾಕಿ ಬರೆದು ಸಹಿ ಮಾಡಲಿ. ಲ್ಯಾಟಿನ್ ಮೇಷ್ಟ್ರು ಹೇಳಿದ ದಿನಾಂಕ, ಊರು, ಅಧಿಕಾರಿಯ ಹೆಸರು ಈ ಮೂರೂ ಅದರ ಮೊದಲ ಸಾಲಿನಲ್ಲೇ ಇರಲಿ.